ಗಿಡ ನೆಟ್ಟಿದ್ದು ಬೀದಿಯಲ್ಲಿ, ಅಳೆದಿದ್ದು ಮಲಗುವ ಕೋಣೆಯಲ್ಲಿ

"ಗಿಡ ನೆಟ್ಟು ಜನರ ಆರೋಗ್ಯ ಸುಧಾರಿಸಿತು ಅಂತ ತೋರಿಸೋಕೆ ಇಪ್ಪತ್ತು ವರ್ಷ ಬೇಕು ಕಣ್ರೀ. ಎರಡು ವರ್ಷದಲ್ಲಿ ನಿಮ್ಮ ಕೈಗೆ ಸಿಗೋದು ಒಣಗಿದ ಗಿಡಗಳ ಲೆಕ್ಕ ಅಷ್ಟೆ." ಮೊದಲ ಸಭೆಯಲ್ಲೇ ಒಬ್ಬ ಹಿರಿಯ ಸಹೋದ್ಯೋಗಿ ಹೀಗಂದಿದ್ದರು. ಒಣಗಿದ ಗಿಡಗಳ ವಿಷಯದಲ್ಲಿ ಅವರ ಬಾಯಿಗೆ ಸಕ್ಕರೆ ಹಾಕಬೇಕು, ಹತ್ತಕ್ಕೆ ನಾಲ್ಕು ಮೊದಲ ಬೇಸಿಗೆಯಲ್ಲೇ ಹೋದವು. ಇಪ್ಪತ್ತು ವರ್ಷದ ಮಾತು ಮಾತ್ರ ಸುಳ್ಳಾಯಿತು. ಒಂದು ಬಡಾವಣೆಯ ಬೀದಿಗಳಲ್ಲಿ ಗಿಡ, ಬಳ್ಳಿ ನೆಟ್ಟು, ಅದರಿಂದ ಜನರ ಆರೋಗ್ಯ ಬದಲಾಯಿತೇ ಅಂತ ಅಳೆದೆವು. ಹೇಗೆ ಅಂತ ಈ ಕೆಲಸದಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬಂದವು, ಒಂದೆರಡು ಆಚೀಚೆ ಆಗಬಹುದು.

ಬಡಾವಣೆ ಎಂಥದ್ದು ಅಂತ ನಿಮಗೆ ವಿವರಿಸಬೇಕಿಲ್ಲ. ಒಂದು ಪಕ್ಕ ಹೆದ್ದಾರಿ, ಇನ್ನೊಂದು ಪಕ್ಕ ಗೋದಾಮುಗಳು, ನಡುವೆ ಒತ್ತೊತ್ತಾಗಿ ಮನೆಗಳು. ಹೊಗೆ, ಸೆಕೆ, ಸದ್ದು, ಮಳೆ ಬಂದರೆ ಮೊಣಕಾಲುದ್ದ ನೀರು, ಎಲ್ಲವೂ ಒಂದೇ ಜನರ ತಲೆ ಮೇಲೆ.

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದೇ. ಉಪಗ್ರಹ ಚಿತ್ರದಿಂದ ಎನ್‌ಡಿವಿಐ (ಎಲ್ಲಿ ಎಷ್ಟು ಹಸಿರಿದೆ ಅಂತ ಹೇಳುವ ಅಂಕಿ) ತೆಗೆದು, ಹಸಿರು ಹೆಚ್ಚಿರುವ ಕಡೆ ಕಾಯಿಲೆ ಕಡಿಮೆ ಅಂತ ಚಂದದ ನಕ್ಷೆ ಮಾಡಿದೆ. ಆರು ತಿಂಗಳ ಕೆಲಸ. ಹಸಿರಿರುವ ಕಡೆ ಹಣವಂತರಿದ್ದಾರೆ, ಹಣವಂತರಿಗೆ ಕಾಯಿಲೆ ಕಡಿಮೆ. ನನ್ನ ನಕ್ಷೆ ಹೇಳುತ್ತಿದ್ದದ್ದು ಅಷ್ಟೇ. ಒಂದೊಂದು ಚುಕ್ಕಿ 10 ಮೀಟರ್ ಚೌಕ ಇರುವ ಚಿತ್ರದಲ್ಲಿ ನಾವು ಮನೆ ಗೋಡೆಗೆ ಹಬ್ಬಿಸಿದ ಬಳ್ಳಿ ಕಾಣಿಸುವುದೂ ಇಲ್ಲ.

ಎರಡನೆಯದು ಪಿಎಂ 2.5 ಸೆನ್ಸರ್, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ದೂಳು, ಹೊಗೆಯ ಕಣಗಳನ್ನು ಅಳೆಯುವ ಯಂತ್ರ. ಕೈಯಲ್ಲಿದ್ದ ಹಣದ ಸುಮಾರು ಮೂರನೇ ಒಂದು ಪಾಲು ಇದಕ್ಕೇ ಸುರಿದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ತೇವಾಂಶ 80 ಪ್ರತಿಶತ ದಾಟಿದರೆ ಈ ಅಗ್ಗದ ಲೇಸರ್ ಸೆನ್ಸರ್‌ಗಳು ನೀರು ಕುಡಿದು ಊದಿದ ಕಣಗಳನ್ನೂ ದೊಡ್ಡದಾಗಿ ಎಣಿಸುತ್ತವೆ ಅಂತ ಗೊತ್ತಿತ್ತು, ಅದನ್ನು ತಿದ್ದಲು ನನ್ನದೇ ಒಂದು ವಿಧಾನವೂ ಇದೆ (ಅದನ್ನು ಇಲ್ಲಿ ಹೇಳುವುದಿಲ್ಲ, ಎರಡು ಮಳೆಗಾಲ ಕೂತು ಮಾಡಿದ್ದು). ಒಂದು ಸೆನ್ಸರ್ ಯಾರದೋ ಅಡುಗೆಮನೆಯ ಹೊಗೆ ಕಿಂಡಿಯ ನೇರಕ್ಕೆ ಇತ್ತು ಅಂತ ಮೂರು ತಿಂಗಳ ಮೇಲೆ ಗೊತ್ತಾಯಿತು. ಎಲ್ಲ ತಿದ್ದಿ ನೋಡಿದರೂ ಗಿಡ ಇರುವ ಬೀದಿಗೂ ಇಲ್ಲದ ಬೀದಿಗೂ ವ್ಯತ್ಯಾಸ ಶೂನ್ಯ. ಬೀದಿ ಮಟ್ಟದಲ್ಲಿ ಎಲೆಗಳು ಹಿಡಿಯುವ ದೂಳು ಕೆಲವೇ ಪ್ರತಿಶತ, ಹೆದ್ದಾರಿಯ ಲಾರಿಗಳ ಮುಂದೆ ಅದು ಯಾವ ಲೆಕ್ಕ? ಮರ ಹೊಗೆ ನುಂಗುತ್ತದೆ ಅಂತ ಹಣ ಕೊಡುವವರಿಗೆ ಭರವಸೆ ಕೊಡಬೇಡಿ. ನಾನು ಕೊಟ್ಟಿದ್ದೆ, ಆಮೇಲೆ ಆ ಸಾಲನ್ನು ವರದಿಯಿಂದ ತೆಗೆಸಲು ಪಟ್ಟ ಪಾಡು ನನಗೇ ಗೊತ್ತು.

ಮಧ್ಯೆ ಒಂದು ಉಪಕಥೆ. ಎರಡೂ ಕಡೆ ಮೂರು ಮಹಡಿ ಇದ್ದ ಒಂದು ಇಕ್ಕಟ್ಟು ರಸ್ತೆಯಲ್ಲಿ ಹಳೆಯ ದೊಡ್ಡ ಮರಗಳಿದ್ದವು. ಕೆಳಗೆ ಅಳೆದರೆ ಹೊಗೆ ಪಕ್ಕದ ಬೋಳು ರಸ್ತೆಗಿಂತ ಹೆಚ್ಚು! ಕೊಂಬೆಗಳು ಗಾಳಿಯಾಟ ತಡೆದು ಹೊಗೆಯನ್ನು ಮುಚ್ಚಳ ಹಾಕಿ ಹಿಡಿದಿದ್ದವು. ಎದೆಮಟ್ಟದ ದಟ್ಟ ಬೇಲಿಯನ್ನು ರಸ್ತೆಗೂ ಕಾಲುದಾರಿಗೂ ನಡುವೆ ಹಾಕಿದಾಗ ಬೇಲಿಯ ಹಿಂದೆ ಹೊಗೆಯ ಅಂಕಿ ಸ್ವಲ್ಪ ಇಳಿಯಿತು. ಎರಡು ವಾರದ ಆಟ ಅಷ್ಟೆ, ಆದರೆ ಇಕ್ಕಟ್ಟಿನ ಬೀದಿಗೆ ಅಗಲ ಕೊಂಬೆಯ ಮರ ಹಾಕುವುದನ್ನು ಅಂದೇ ಬಿಟ್ಟೆ.

ಮೂರನೆಯದು ಬಿಪಿ. ಇದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಗಿಡ ನೆಡುವ ಮೊದಲು ಚಳಿಗಾಲದಲ್ಲಿ ಅಳೆದೆವು, ನೆಟ್ಟ ಮೇಲೆ ಬೇಸಿಗೆಯಲ್ಲಿ. ಮೇಲಿನ ಅಂಕಿ ಸರಾಸರಿ ಐದಾರು ಇಳಿದಿತ್ತು. ತಂಡದವರೆಲ್ಲ ಕುಣಿದಾಡಿದೆವು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಸೆಕೆಗಾಲದಲ್ಲಿ ರಕ್ತನಾಳ ಹಿಗ್ಗಿ ಎಲ್ಲರ ಬಿಪಿಯೂ ಇಳಿಯುತ್ತದೆ ಅಂತ ನಮ್ಮ ನರ್ಸಮ್ಮ ನೆನಪಿಸಿದ ಮೇಲೆ ಗಿಡವಿಲ್ಲದ ಬೀದಿಯಲ್ಲೂ ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಅಳೆದೆವು. ಅಲ್ಲೂ ಅಷ್ಟೇ ಇಳಿದಿತ್ತು.

ರಕ್ತ ಪರೀಕ್ಷೆಯ ಆಸೆ ಯಾರಿಗಿಲ್ಲ? ಅಮೆರಿಕದ ಲೂಯಿವಿಲ್‌ನಲ್ಲಿ 8,000ಕ್ಕೂ ಹೆಚ್ಚು ದೊಡ್ಡ ಮರ, ಪೊದೆಗಳನ್ನು ನೆಟ್ಟು, ಆ ಭಾಗದ ಜನರ ರಕ್ತದಲ್ಲಿ ಉರಿಯೂತ ತೋರುವ ಸಿಆರ್‌ಪಿ 13ರಿಂದ 20 ಪ್ರತಿಶತ ಕಡಿಮೆ ಇದ್ದದ್ದನ್ನು 2024ರಲ್ಲಿ ಪ್ರಕಟಿಸಿದರು. ಅವರು ತಂದದ್ದು ಬೆಳೆದ ಮರ, ಅವರ ಹಣವೇ ಬೇರೆ. ನಾನು 60 ಜನರ ರಕ್ತ ತೆಗೆಸಿದೆ. ಸಿಆರ್‌ಪಿ 10 ದಾಟಿದವರನ್ನು ಸೋಂಕು ಅಂತ ಕೈಬಿಡಬೇಕು, ಅಲ್ಲಿಗೆ ಏಳೆಂಟು ಜನ ಹೋದರು. ಪ್ರಯೋಗಾಲಯದಲ್ಲಿ ಒಂದು ಡಬ್ಬಿ ಫ್ರೀಜರ್‌ನ ಹೊರಗೇ ಉಳಿದು ಇನ್ನೊಂದಿಷ್ಟು ಹಾಳಾಯಿತು. ಕೂದಲಿನಲ್ಲಿ ಉಳಿಯುವ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕೂಡ ನೋಡಿದೆ, ಸೆಂಟಿಮೀಟರ್‌ಗೆ ಒಂದು ತಿಂಗಳ ಲೆಕ್ಕ ಕೇಳಲು ಚೆಂದ. ಗಂಡಸರಲ್ಲಿ ಅಷ್ಟು ಉದ್ದ ಕೂದಲಿಲ್ಲ, ಹೆಂಗಸರಲ್ಲಿ ಅರ್ಧ ಜನ ಬಣ್ಣ ಹಾಕಿದವರು. ಚೀಲ ಕಟ್ಟಿಟ್ಟೆ.

ದಾರಿ ತೋರಿಸಿದ್ದು ಒಬ್ಬರು ಅಜ್ಜಿ. ನಮ್ಮ ಉದ್ದನೆಯ ಪ್ರಶ್ನಾವಳಿಯನ್ನು ಅರ್ಧಕ್ಕೇ ನಿಲ್ಲಿಸಿ, "ಏನಪ್ಪಾ, ಉಸಿರಾಟ ಕೇಳ್ತೀಯ, ಎದೆನೋವು ಕೇಳ್ತೀಯ. ರಾತ್ರಿ ನಿದ್ದೆ ಬರತ್ತಾ ಅಂತ ಯಾಕೆ ಕೇಳಲ್ಲ? ಈ ಗೋಡೆ ಮುಟ್ಟಿ ನೋಡು," ಅಂದರು. ರಾತ್ರಿ ಎಂಟೂವರೆ. ಪಡುವಣದ ಗೋಡೆ ಆಗ ತಾನೆ ಒಲೆ ಮೇಲಿಂದ ಇಳಿಸಿದ ಹೆಂಚಿನ ಹಾಗಿತ್ತು.

ಅಂದಿನಿಂದ ಹೊರಗಿನ ಗಾಳಿ ಬಿಟ್ಟು ಒಳಗಿನ ರಾತ್ರಿಯನ್ನು ಹಿಡಿದೆ. ಹೆಬ್ಬೆರಳುದ್ದದ ಉಷ್ಣತೆ ದಾಖಲಿಸುವ ಲಾಗರ್‌ಗಳು, ಹತ್ತು ನಿಮಿಷಕ್ಕೊಂದು ಅಂಕಿ, ಮಂಚದ ಎತ್ತರದಲ್ಲಿ. ಒಂದು ಪಿಎಂ ಸೆನ್ಸರ್‌ನ ಬೆಲೆಗೆ ಇಂಥವು ಹತ್ತು ಹನ್ನೆರಡು ಬರುತ್ತವೆ. ಜೊತೆಗೆ ಎರಡೇ ಅಳತೆ: ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಪ್ರಶ್ನಾವಳಿ. ಐದು ಪ್ರಶ್ನೆ, ಹಿಂದಿನ ಎರಡು ವಾರದ ಮನಸ್ಥಿತಿ, ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಅಂಕ. ಎರಡು ನಿಮಿಷದಲ್ಲಿ ಮುಗಿಯುತ್ತದೆ, ಯಾರೂ ಗೊಣಗುವುದಿಲ್ಲ.

ಹೋಲಿಕೆ ಬೀದಿಗಳದ್ದೇ ದೊಡ್ಡ ತಲೆನೋವು. ನಿಮಗೆ ಗಿಡ ಇಲ್ಲ, ಸುಮ್ಮನೆ ಅಳೆಯಲು ಬಿಡಿ ಅಂದರೆ ಯಾವ ಮುಖ ಹೊತ್ತು ಅವರ ಬಾಗಿಲಿಗೆ ಹೋಗುವುದು? ಬೇಕು ಅಂದ ಹನ್ನೆರಡು ಬೀದಿಗಳ ಹೆಸರು ಬರೆದು, ಎಲ್ಲರೆದುರು ಒಂದು ಮಗುವಿನ ಕೈಯಲ್ಲಿ ಚೀಟಿ ಎತ್ತಿಸಿದೆವು. ಆರು ಬೀದಿಗೆ ಈ ವರ್ಷ, ಉಳಿದ ಆರಕ್ಕೆ ಮುಂದಿನ ವರ್ಷ. ಕಾಯುವ ಆರು ಬೀದಿಗಳನ್ನೂ ಸುಮ್ಮನೆ ಬಿಡಲಿಲ್ಲ. ಕಸ ಎತ್ತಿಸಿ, ಗುಂಡಿ ಮುಚ್ಚಿಸಿದೆವು. ಈ ಉಪಾಯ ಅಮೆರಿಕದ ಫಿಲಡೆಲ್ಫಿಯಾದ್ದು. ಅಲ್ಲಿ 541 ಖಾಲಿ ಜಾಗಗಳಲ್ಲಿ ಕೆಲವನ್ನು ಹಸಿರು ಮಾಡಿ, ಕೆಲವನ್ನು ಬರೀ ಸ್ವಚ್ಛ ಮಾಡಿ, ಕೆಲವನ್ನು ಹಾಗೇ ಬಿಟ್ಟಿದ್ದರು. 2018ರ ಆ ವರದಿಯಲ್ಲಿ ಹಸಿರಿನ ಪಕ್ಕದವರಲ್ಲಿ ಖಿನ್ನತೆಯ ಭಾವ 41.5 ಪ್ರತಿಶತ ಇಳಿದಿತ್ತು, ಬರೀ ಕಸ ಎತ್ತಿದ ಕಡೆ ಅಂಥ ಸ್ಪಷ್ಟ ಫಲ ಇರಲಿಲ್ಲ. ಯಾರೋ ಬಂದು ನಮ್ಮ ಬೀದಿ ನೋಡಿದರು ಅನ್ನುವ ಸಂತೋಷವನ್ನೂ ಹಸಿರಿನ ಫಲವನ್ನೂ ಬೇರೆ ಮಾಡಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಪ್ರಶ್ನೆ ಕೇಳಿದ್ದು ಫೋನಿನಲ್ಲಿ. ಕೇಳುವ ಹುಡುಗಿಯರು ಆ ಬಡಾವಣೆಗೆ ಕಾಲಿಟ್ಟವರಲ್ಲ, ಯಾವ ಬೀದಿಗೆ ಗಿಡ ಬಂದಿದೆ ಅಂತ ಅವರಿಗೆ ತಿಳಿಯದು. ಗಿಡ, ಹಸಿರು ಅನ್ನುವ ಪದ ಪ್ರಶ್ನಾವಳಿಯಲ್ಲಿ ಎಲ್ಲೂ ಇಲ್ಲ. ಎರಡನೇ ಸುತ್ತಿಗೆ ಫೋನ್ ಎತ್ತಿಸಲು ಮೊದಲ ವಾಕ್ಯ ಹೇಗಿರಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಲಾಗರ್‌ಗಳ ಕಥೆಯೇ ಒಂದು ಹರಿಕಥೆ. ಒಂದು ಮನೆಯದು ದಿನವಿಡೀ 41 ಡಿಗ್ರಿ ತೋರಿಸುತ್ತಿತ್ತು. ಹೋಗಿ ನೋಡಿದರೆ ಅದರ ಬೆನ್ನಿನ ಅಯಸ್ಕಾಂತ ಇಷ್ಟವಾಗಿ ಮಗು ಅದನ್ನು ಫ್ರಿಜ್ಜಿನ ಹಿಂಬದಿಗೆ ಅಂಟಿಸಿತ್ತು. ಇನ್ನೊಂದರೊಳಗೆ ಜಿರಲೆ ಮೊಟ್ಟೆ. ನಲವತ್ತು ಇಟ್ಟದ್ದರಲ್ಲಿ ನಂಬುವಂಥ ಅಂಕಿ ಕೊಟ್ಟದ್ದು ಮೂವತ್ತೊಂದೋ ಮೂವತ್ತೆರಡೋ. ಹೊರಗಿನ ಬಿಸಿಲಿನ ತಾಪ ಅಳೆಯುವ ದುಬಾರಿ ಕಪ್ಪು ಗೋಳ ಕೊಳ್ಳಲಿಲ್ಲ. ಪಿಂಗ್‌ಪಾಂಗ್ ಚೆಂಡಿಗೆ ಮಾಸಲು ಬೂದು ಬಣ್ಣ ಬಳಿದು ಒಳಗೆ ಉಷ್ಣತೆ ಅಳೆಯುವ ತಂತಿ ಇಳಿಬಿಟ್ಟೆ, ನೆರಳಿಗೂ ಬಿಸಿಲಿಗೂ ಹೋಲಿಸಲು ಅಷ್ಟು ಸಾಕು.

ಇನ್ನು ಫಲಿತಾಂಶ. ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ: ಮೊದಲ ವರ್ಷ ಕೆಲಸ ಮಾಡಿದ್ದು ಮರಗಳಲ್ಲ, ಪಡುವಣ ಗೋಡೆಗೆ ತಂತಿ ಕಟ್ಟಿ ಹಬ್ಬಿಸಿದ ಬಳ್ಳಿ. ಸಂಜೆ ನಾಲ್ಕಕ್ಕೆ ಬೋಳು ಗೋಡೆಗೂ ಬಳ್ಳಿ ಮುಚ್ಚಿದ ಗೋಡೆಗೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ. ಮಧ್ಯರಾತ್ರಿ ಕೋಣೆಯೊಳಗೆ ಒಂದು ಡಿಗ್ರಿ, ಕೆಲವು ಕಡೆ ಒಂದೂವರೆ ಇಳಿಯಿತು. ಕೊನೆಯ ಮಹಡಿಯಲ್ಲಿ ಏನೂ ಇಲ್ಲ, ಅಲ್ಲಿ ಬಿಸಿ ಬರುವುದು ಚಾವಣಿಯಿಂದ. ರಾತ್ರಿ ಎಚ್ಚರವಾಗುವುದು ಮೂರು ಸಲದಿಂದ ಎರಡಕ್ಕೆ ಬಂತು. ಡಬ್ಲ್ಯುಎಚ್‌ಒ-5 ಅಂಕ ಎಂಟರಷ್ಟು ಏರಿತು, ಕಾಯುವ ಬೀದಿಗಳಲ್ಲೂ ಮೂರರಷ್ಟು ಏರಿತ್ತು. ಹತ್ತು ಏರಿದರೆ ಮಾತ್ರ ಗಣನೀಯ ಅನ್ನುವುದು ವಾಡಿಕೆ, ನಾವು ಅದನ್ನು ಮುಟ್ಟಲಿಲ್ಲ.

ಇಷ್ಟಕ್ಕೇ ಹಿರಿಯರು ಒಪ್ಪುತ್ತಾರೆಯೇ? ಕಾಕತಾಳೀಯ ಅಂದರು. ಒಪ್ಪಿಸಿದ್ದು ಎರಡು ಸಂಗತಿ. ಮೊದಲನೆಯದು, ಎರಡು ಬೀದಿಗಳಲ್ಲಿ ಬಳ್ಳಿಯೂ ಸತ್ತಿತ್ತು, ಅಲ್ಲಿ ನಿದ್ದೆಯೂ ಬದಲಾಗಲಿಲ್ಲ. ಸೋಮಾರಿಗಳ ಬೀದಿಯಲ್ಲಿ ಗಿಡ ಸಾಯುತ್ತದೆ, ಅವರ ಆರೋಗ್ಯವೂ ಹಾಗೇ ಇರುತ್ತದೆ ಅಂತ ಯಾರಾದರೂ ವಾದಿಸಬಹುದು. ಗುಂಡಿ ಅಗೆಸಿ ನೋಡಿದೆ: ಅರ್ಧ ಅಡಿ ಮಣ್ಣಿನ ಕೆಳಗೆ ಪೂರ್ತಿ ಕಾಂಕ್ರೀಟ್ ಚೂರು. ಗುತ್ತಿಗೆದಾರ ಮುಚ್ಚಿಟ್ಟದ್ದು. ನಿವಾಸಿಗಳು ದಿನಾ ನೀರು ಹಾಕಿದ್ದರು ಪಾಪ. ಸತ್ತ ಗಿಡಗಳನ್ನೇ ಪ್ರಯೋಗವಾಗಿ ನೋಡುವ ಬುದ್ಧಿ ನನ್ನದಲ್ಲ. ಆಶ್ ಜಾತಿಯ ಮರಗಳನ್ನು ಕೊರೆದು ಕೊಲ್ಲುವ ಒಂದು ಹುಳ ಅಮೆರಿಕದ 15 ರಾಜ್ಯಗಳಲ್ಲಿ ಹರಡಿದ ಕಡೆ ಹೃದಯ, ಶ್ವಾಸಕೋಶದ ಕಾಯಿಲೆಯಿಂದ 21,000ಕ್ಕೂ ಮಿಕ್ಕಿ ಹೆಚ್ಚುವರಿ ಸಾವು ಆದವು ಅಂತ 2013ರಲ್ಲೇ ಲೆಕ್ಕ ಹಾಕಿದ್ದರು. ಎರಡನೆಯದು, ಮುಂದಿನ ವರ್ಷ ಕಾಯುವ ಬೀದಿಗಳಿಗೆ ಬಳ್ಳಿ ಹೋದಾಗ ಅಲ್ಲೂ ಹೆಚ್ಚುಕಡಿಮೆ ಅದೇ ಅಂಕಿ ಬಂತು. ಹಿರಿಯರು ಕನ್ನಡಕ ತೆಗೆದು, ಒರೆಸಿ, "ಲಾಗರ್ ಎಲ್ಲಿ ಸಿಗತ್ತೆ?" ಅಂದರು. ನನಗೆ ಪ್ರಶಸ್ತಿ ಬಂದಷ್ಟೇ ಆಯಿತು.

ಮಳೆನೀರು ಇಂಗಿಸುವ ತಗ್ಗು ತೋಟಗಳ ಬಗ್ಗೆ ಚಿಕ್ಕ ಮಾತು. ಸೊಳ್ಳೆ ಆಗುತ್ತದೆ ಅಂತ ಜನ ಜಗಳಕ್ಕೆ ಬಂದರು. ಸೌಟಿನಲ್ಲಿ ನೀರು ಎತ್ತಿ ಮರಿಹುಳ ಎಣಿಸಿದೆ. ಎರಡು ದಿನದಲ್ಲಿ ನೀರು ಇಂಗಿದ ಕಡೆ ಒಂದೂ ಇಲ್ಲ. ಹೂಳು ಕಟ್ಟಿ ಐದು ದಿನ ನೀರು ನಿಂತ ಒಂದು ಕಡೆ ಸೌಟಿಗೆ ಹದಿನೈದಿಪ್ಪತ್ತು. ಜನ ಹೇಳಿದ್ದು ಸರಿಯೇ ಇತ್ತು. 72 ಗಂಟೆಯೊಳಗೆ ಬರಿದಾಗದಿದ್ದರೆ ಆರೋಗ್ಯದ ಹೆಸರಿನಲ್ಲಿ ಸೊಳ್ಳೆ ಸಾಕಿದಂತೆ.

ಹಣ ಅತಿ ಹೆಚ್ಚು ತಿಂದದ್ದು, ಸಾರ್ಥಕವೂ ಆದದ್ದು, ಮನೆ ಬಿಟ್ಟು ಹೋದವರನ್ನು ಹುಡುಕಿದ್ದು. 230ರಷ್ಟು ಮನೆಗಳಿಂದ ಶುರು ಮಾಡಿದ್ದೆವು, ಎರಡು ವರ್ಷದಲ್ಲಿ ಐವತ್ತರ ಮೇಲೆ ಖಾಲಿ ಮಾಡಿದವು. ಬೀದಿ ಚಂದವಾದ ಮೇಲೆ ಒಂದು ಕಡೆ ಮಾಲೀಕರು ಬಾಡಿಗೆ ಏರಿಸಿದ್ದರು. ಹೋದವರು ಯಾರು? ಕಡಿಮೆ ಆದಾಯ, ಹೆಚ್ಚು ಕಾಯಿಲೆ ಇದ್ದವರೇ. ಉಳಿದವರನ್ನು ಮಾತ್ರ ಅಳೆದರೆ ಬಡಾವಣೆಯ ಆರೋಗ್ಯ ತಾನಾಗಿಯೇ ಸುಧಾರಿಸಿದಂತೆ ಕಾಣುತ್ತದೆ. ನನ್ನ ಮೊದಲ ಲೆಕ್ಕದಲ್ಲಿ ಏರಿಕೆ ಎಂಟಲ್ಲ, ಹನ್ನೊಂದಿತ್ತು. ಹೋದವರಲ್ಲಿ ಮೂವತ್ತು ಮನೆಗಳನ್ನು ಹುಡುಕಿ ಸೇರಿಸಿದ ಮೇಲೆ ಎಂಟಕ್ಕೆ ಇಳಿಯಿತು. ಹನ್ನೊಂದೇ ಇರಲಿ ಅಂತ ತಂಡದಲ್ಲೇ ಒಬ್ಬರು ಅಂದರು, ಜಗಳವೂ ಆಯಿತು.

ಹನ್ನೊಂದು ಲಾಗರ್ ವಾಪಸ್ ಬರಲೇ ಇಲ್ಲ. ಅವುಗಳಲ್ಲಿ ಒಂದು ಅಜ್ಜಿಯ ಮನೆಯದು, ಎಲ್ಲಿಟ್ಟೆನೋ ಗೊತ್ತಿಲ್ಲ ಅನ್ನುತ್ತಾರೆ. ಆ ಬೀದಿಯಲ್ಲಿ ಹಾದು ಹೋದಾಗಲೆಲ್ಲ ಅದು ನನ್ನ ಫೋನಿಗೆ ಬ್ಲೂಟೂತ್‌ನಲ್ಲಿ ಸಿಗುತ್ತದೆ. ಕಳೆದ ವಾರ ನಿಂತು ಓದಿಕೊಂಡೆ: ರಾತ್ರಿ ಹನ್ನೆರಡಕ್ಕೆ 27.4. ಬ್ಯಾಟರಿ ಇನ್ನೂ ಎರಡು ಗೆರೆ ಇದೆ.