ಬಂಡಿ ಎಳೆಯುವ ಕುದುರೆಗೆ ಸರಂಜಾಮು ಹೊಂದಿಸುವ ಕ್ರಮ

ಬಂಡಿ ಕುದುರೆಯ ಸರಂಜಾಮಿನಲ್ಲಿ ಪಟ್ಟಿಗಳೂ ಬಕಲ್‌ಗಳೂ ಎಷ್ಟೇ ಇದ್ದರೂ ಅವು ಮಾಡುವ ಮುಖ್ಯ ಕೆಲಸ ಮೂರೇ: ಎದೆಪಟ್ಟಿ ಬಂಡಿಯನ್ನು ಎಳೆಯುತ್ತದೆ, ಬೆನ್ನಿನ ಜೀನು ಮೂಕಿಗಳನ್ನು (ಬಂಡಿಯಿಂದ ಕುದುರೆಯ ಎರಡೂ ಬದಿಗೆ ಚಾಚಿದ ಉದ್ದನೆಯ ಕಂಬಗಳನ್ನು) ಹೊರುತ್ತದೆ, ತೊಡೆಗಳ ಹಿಂದೆ ಸುತ್ತಿ ಬರುವ ಹಿಂಪಟ್ಟಿ ಬಂಡಿಯನ್ನು ತಡೆಯುತ್ತದೆ. ಒಂದರ ಕೆಲಸ ಮತ್ತೊಂದರ ಮೇಲೆ ಬಿದ್ದಾಗಲೇ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಹೀಗಾಗಿ ನಿಂತ ಕುದುರೆಯ ಮೇಲೆ ಎಲ್ಲವೂ ಒಪ್ಪವಾಗಿ ಕಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು; ಅದು ಎಳೆಯುವಾಗ ಮತ್ತು ಬಂಡಿಯನ್ನು ತಡೆದು ನಿಲ್ಲಿಸುವಾಗ ಪಟ್ಟಿಗಳು ಎಲ್ಲಿಗೆ ಸರಿಯುತ್ತವೆ ಎಂಬುದನ್ನೂ ನೋಡಬೇಕು.

ಮೊದಲು ಕುದುರೆಯ ಮೈ ಉಜ್ಜಿ, ಪಟ್ಟಿ ಕೂರುವ ಜಾಗಗಳಲ್ಲಿ ಒಣಗಿದ ಬೆವರು, ಮಣ್ಣು ಉಳಿಯದಂತೆ ಮಾಡಬೇಕು. ಚರ್ಮದ ಪಟ್ಟಿಗಳನ್ನು ಬಕಲ್‌ನ ಬಳಿ ಮಡಚಿ ನೋಡಿ, ಬಿರುಕು ಕಂಡದ್ದನ್ನು ಬದಿಗಿಡಬೇಕು.

ಎದೆಪಟ್ಟಿಯ ಎತ್ತರವನ್ನು ಕಣ್ಣಳತೆಗೆ ಬಿಡದೆ ಕೈಯಿಂದ ಮುಟ್ಟಿ ನಿರ್ಧರಿಸಬೇಕು. ಎದೆಯ ಮುಂಭಾಗದಲ್ಲಿ ಎರಡೂ ಬದಿಗೆ ಉಬ್ಬಿ ನಿಂತ ಭುಜದ ಕೀಲಿಗಿಂತ ಮೇಲೆ, ಉಸಿರುನಾಳ ಎದೆಯೊಳಗೆ ಇಳಿಯುವ ಕುಳಿಗಿಂತ ಕೆಳಗೆ ಅದು ಅಡ್ಡಲಾಗಿ ಕೂರಬೇಕು. ಕೆಳಗಿಳಿದರೆ ಮುಂಗಾಲಿನ ಚಲನೆಗೆ ಅಡ್ಡಿ, ಮೇಲೇರಿದರೆ ಉಸಿರಿಗೆ ಅಡ್ಡಿ. ಎಳೆಪಟ್ಟಿಗಳು ಎದೆಯಿಂದ ಬಂಡಿಯವರೆಗೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿರಬೇಕು. ಬಂಡಿಯ ಕೊಕ್ಕೆ ತೀರಾ ತಗ್ಗಿನಲ್ಲಿದ್ದರೆ ಎದೆಪಟ್ಟಿ ಕೆಳಕ್ಕೆ ಜಗ್ಗಿ, ಅದನ್ನು ಎತ್ತಿ ಹಿಡಿದಿರುವ ಕೊರಳ ಮೇಲಿನ ಪಟ್ಟಿ ಕತ್ತಿನೊಳಗೆ ಒತ್ತುತ್ತದೆ. ಅಂಥ ಬಂಡಿಗೂ ಭಾರದ ಹೊರೆಗೂ ಭುಜಗಳ ಮೇಲೆ ಅಗಲವಾಗಿ ಕೂರುವ ಮೆತ್ತೆಯ ಕೊರಳಪಟ್ಟಿಯೇ ಸೂಕ್ತ. ಅದನ್ನು ತೊಡಿಸಿದಾಗ ಕೆಳತುದಿಯಲ್ಲಿ, ಉಸಿರುನಾಳದ ಮುಂದೆ, ಚಪ್ಪಟೆಯಾಗಿ ಹಿಡಿದ ಕೈ ಸಲೀಸಾಗಿ ಹೋಗಬೇಕು.

ಜೀನನ್ನು ತುಸು ಮುಂದೆ ಇಟ್ಟು ಹಿಂದಕ್ಕೆ ಸರಿಸಿದರೆ ಕೆಳಗಿನ ಕೂದಲು ತನ್ನ ದಿಕ್ಕಿನಲ್ಲೇ ಮಲಗುತ್ತದೆ. ಅದು ಹೆಗಲಿನ ದಿಬ್ಬದ ಹಿಂದೆ ಕೂತು, ಹೊಟ್ಟೆಪಟ್ಟಿ ಮುಂಗಾಲಿನ ಮೊಣಕೈಯಿಂದ ಸುಮಾರು ಒಂದು ಅಂಗೈ ಅಗಲ ಹಿಂದೆ ಬರಬೇಕು. ಹಿಂದಿನಿಂದ ಬಗ್ಗಿ ನೋಡಿದಾಗ ಬೆನ್ನುಮೂಳೆಯ ಮೇಲೆ ಬೆಳಕು ತೂರುವಷ್ಟು ಸಂದು ಕಾಣಬೇಕು. ಎರಡು ಚಕ್ರದ ಬಂಡಿಯಲ್ಲಿ ಭಾರದ ಒಂದು ಪಾಲು ಬೆನ್ನಿಗೆ ಬರುವುದರಿಂದ ಇಲ್ಲಿ ರಾಜಿ ಸಲ್ಲದು. ಹೊಟ್ಟೆಪಟ್ಟಿಯನ್ನು ಆಗಲೇ ಬಿಗಿಯುವ ಅವಸರ ಹಲವರಿಗೆ. ಜೀನಿನಿಂದ ಬಾಲದ ಬುಡದವರೆಗೆ ಹೋಗುವ ಬಾಲದ ಪಟ್ಟಿ ಹಾಕಿದ ಮೇಲೆ ಜೀನು ಮತ್ತೆ ಸರಿಯುವುದರಿಂದ, ಅದಕ್ಕಿಂತ ಮೊದಲು ಸಡಿಲವಾಗಿ ಕಟ್ಟಿದರೆ ಸಾಕು.

ಬಾಲದ ಪಟ್ಟಿಗೆ ತಾಳ್ಮೆ ಬೇಕು. ಕುದುರೆಯ ಹಿಂದೆ ನಿಲ್ಲದೆ ಸೊಂಟದ ಪಕ್ಕಕ್ಕೆ ಒತ್ತಿ ನಿಂತು, ಬಾಲದ ಕೂದಲನ್ನೆಲ್ಲ ಒಂದೇ ಹಿಡಿಯಲ್ಲಿ ಮಡಚಿ, ಕುಣಿಕೆಯೊಳಗೆ ತೂರಿಸಿ ಬಾಲದ ಬುಡದವರೆಗೆ ಒಯ್ಯಬೇಕು. ಆಮೇಲೆ ಕುಣಿಕೆಯ ಕೆಳಗೆ ಬೆರಳಾಡಿಸಿ ಒಂದೊಂದು ಎಳೆಯನ್ನೂ ಹೊರಗೆ ಬಿಡಿಸಬೇಕು. ಒಳಗೆ ಸಿಕ್ಕಿಕೊಂಡ ನಾಲ್ಕು ಕೂದಲೆಳೆ ಸಾಕು, ಸಾಧು ಕುದುರೆಯೂ ಬಾಲ ಒತ್ತಿ ಹಿಂಗಾಲು ಝಾಡಿಸುತ್ತದೆ. ಬೆನ್ನಿನ ಉದ್ದಕ್ಕೆ ಹೋಗುವ ಪಟ್ಟಿಯ ಕೆಳಗೆ ಅಂಗೈ ಆಡುವಷ್ಟು ಸಡಿಲ ಇರಲಿ.

ಕಡಿವಾಣದ ಬಾಯೊಳಗಿನ ಸರಳು ಬಾಯಿಯ ಮೂಲೆಗೆ ತಾಗಿ ಹೆಚ್ಚೆಂದರೆ ಒಂದು ಸುಕ್ಕು ಮೂಡಿಸಬೇಕು. ಹಿಂದಿನದು ಕಾಣದಂತೆ ಕಣ್ಣಿನ ಪಕ್ಕದಲ್ಲಿ ಮರೆಯಾಗಿ ನಿಲ್ಲುವ ಕಣ್ಕಾಪಿನ ನಡುಭಾಗ ಕಣ್ಣಿನ ಮಟ್ಟಕ್ಕೆ ಬಂದು, ರೆಪ್ಪೆಗೆ ತಾಗದಷ್ಟು ದೂರವಿರಬೇಕು.

ಕುದುರೆಯನ್ನು ಹೂಡುವಾಗ ಒಬ್ಬರು ಅದರ ತಲೆಯ ಬಳಿ ನಿಲ್ಲಲೇಬೇಕು. ಬಂಡಿಯನ್ನು ಹಿಂದಿನಿಂದ ಕುದುರೆಯ ಕಡೆಗೆ ತಂದು, ಮೂಕಿಗಳನ್ನು ಜೀನಿನ ಕುಣಿಕೆಗಳಲ್ಲಿ ತೂರಿಸಿ, ಮೊದಲು ಎಳೆಪಟ್ಟಿಗಳನ್ನೂ ನಂತರ ಹಿಂಪಟ್ಟಿಯನ್ನೂ ಕೊನೆಗೆ ಮೂಕಿಗಳನ್ನು ಹಿಡಿದಿಡುವ ಹೊರ ಹೊಟ್ಟೆಪಟ್ಟಿಯನ್ನೂ ಕಟ್ಟಬೇಕು. ಮೂಕಿಯ ತುದಿ ಭುಜದ ಕೀಲಿನ ನೇರಕ್ಕೆ ಬಂದರೆ ಸರಿ. ಹೊರ ಹೊಟ್ಟೆಪಟ್ಟಿಯನ್ನು ಒಳಗಿನದಕ್ಕಿಂತ ಸಡಿಲವಾಗಿಡಬೇಕು. ಆದರೆ ಬಂಡಿಯ ಹಿಂಬದಿಗೆ ಭಾರ ಬಿದ್ದಾಗ ಮೂಕಿಗಳು ಮೇಲಕ್ಕೇಳದಂತೆ ತಡೆಯುವುದು ಅದೇ ಆದ್ದರಿಂದ ಜೋತುಬೀಳುವಷ್ಟು ಬಿಡಬಾರದು.

ಹಿಂಪಟ್ಟಿ ಬಾಲದ ಕೆಳಗಿಂದ ಸಾಕಷ್ಟು ಇಳಿದು, ತೊಡೆಯ ಮಾಂಸಲ ಭಾಗದ ಮೇಲೆ ಅಡ್ಡಲಾಗಿ ಕೂರಬೇಕು. ಮೇಲಿದ್ದರೆ ಅದು ಇಳಿಜಾರಿನಲ್ಲಿ ಬಾಲದಡಿಗೆ ಜಾರುತ್ತದೆ, ತೀರಾ ಕೆಳಗಿದ್ದರೆ ಕಾಲುಗಳನ್ನೇ ಹಿಂದಿನಿಂದ ತಳ್ಳುತ್ತದೆ. ಕುದುರೆಯನ್ನು ಎರಡು ಹೆಜ್ಜೆ ಮುಂದೆ ನಡೆಸಿ, ಎಳೆಪಟ್ಟಿಗಳು ಬಿಗಿದು ನಿಂತಾಗ ಹಿಂಪಟ್ಟಿಗೂ ತೊಡೆಗೂ ನಡುವೆ ಅಂಗೈ ಅಗಲದಷ್ಟು, ಅಂದರೆ ಸುಮಾರು 10 ಸೆಂಟಿಮೀಟರ್, ಜಾಗ ಉಳಿಯಬೇಕು. ಬಳಿಕ ಸಣ್ಣ ಇಳಿಜಾರಿನಲ್ಲಿ ನಿಲ್ಲಿಸಿ ನೋಡಬೇಕು: ಬಂಡಿಯ ಒತ್ತಡವನ್ನು ಹಿಂಪಟ್ಟಿಯೇ ಹೊತ್ತರೆ ಜೀನು ಕದಲುವುದಿಲ್ಲ. ಜೀನು ಮುಂದಕ್ಕೆ ಜರುಗಿದರೆ ಹಿಂಪಟ್ಟಿಯನ್ನು ಒಂದು ರಂಧ್ರ ಬಿಗಿಗೊಳಿಸಬೇಕು.

ಬಿಚ್ಚುವಾಗ ಕ್ರಮ ತಿರುಗುಮುರುಗಾಗುತ್ತದೆ. ಬಂಡಿಯಿಂದ ಪೂರ್ತಿ ಹೊರಗೆ ಬರುವವರೆಗೆ ಕಣ್ಕಾಪಿನೊಂದಿಗೆ ಕಳಚಿ ಬರುವ ತಲೆಯ ಕಡಿವಾಣವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಕಣ್ಕಾಪು ಕಳಚಿದೊಡನೆ ಬೆನ್ನಹಿಂದೆ ಬಂಡಿಯನ್ನು ಕಂಡು ಬೆದರಿದ ಕುದುರೆಯನ್ನು ಹಿಡಿಯಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಸರಂಜಾಮು ಇಳಿಸಿದ ಕೂಡಲೇ, ಮೈ ಒರೆಸುವ ಮೊದಲು, ಬೆವರಿನ ಗುರುತನ್ನು ನೋಡಬೇಕು. ಒದ್ದೆಯಾದ ಪಟ್ಟಿಯ ಗುರುತಿನ ನಡುವೆ ಒಣ ಮಚ್ಚೆಯೊಂದು ಉಳಿದಿದ್ದರೆ ಒತ್ತಡ ಅಲ್ಲೇ ಹೆಚ್ಚು ಬಿದ್ದಿರುವ ಸಂಭವವಿದೆ. ಮರುದಿನ ಅದರ ಮೇಲೆ ಇನ್ನೊಂದು ಮೆತ್ತೆ ಇಡುವ ಬದಲು ಪಟ್ಟಿಯ ಸ್ಥಾನವನ್ನೇ ಬದಲಿಸಿ ನೋಡಬೇಕು.