ಸಿಕಲ್ ಸೆಲ್ ಅನೀಮಿಯಾ: ರಕ್ತದ ವರದಿಯ ಜೊತೆಗೆ ನಡಿಗೆಯನ್ನೂ ಅಳೆದ ಅನುಭವ

ತುಮಕೂರಿನಲ್ಲಿ ಮಕ್ಕಳ ವೈದ್ಯನಾಗಿರುವ ನನಗೆ ಸಿಕಲ್ ಸೆಲ್ ಅನೀಮಿಯಾ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ) ಇರುವವರು ಸಿಗುವುದು ಅಪರೂಪ. ಕರ್ನಾಟಕದಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣುವುದು ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ. ನನ್ನ ಬಳಿಗೆ ಬಂದವರು ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯಲು ಒಡಿಶಾ, ಛತ್ತೀಸಗಢದಿಂದ ಬಂದ ಕುಟುಂಬಗಳ ಹದಿಹರೆಯದ ಮಕ್ಕಳು. ಮೂಳೆನೋವಿನಷ್ಟೇ ಬೇಸರದಿಂದ ಅವರು ಹೇಳಿಕೊಳ್ಳುತ್ತಿದ್ದುದು, ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆ, ಆಟದ ಪೀರಿಯಡ್ಡಿನಲ್ಲಿ ಸುಮ್ಮನೆ ಕೂರಬೇಕಾಗುತ್ತದೆ ಎಂಬುದನ್ನು.

ಕೆಂಪು ರಕ್ತಕಣ ಸಾಮಾನ್ಯವಾಗಿ ಸುಮಾರು 120 ದಿನ ಬದುಕಿದರೆ ಈ ಮಕ್ಕಳಲ್ಲಿ 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ಅದರ ಮೇಲೆ, ಓಡುವಾಗ ಸ್ನಾಯುಗಳು ಆಮ್ಲಜನಕವನ್ನು ಎಳೆದುಕೊಂಡಂತೆಲ್ಲ ಈ ಕಾಯಿಲೆಯಲ್ಲಿರುವ ದೋಷದ ಹಿಮೋಗ್ಲೋಬಿನ್, ಅಂದರೆ ಹಿಮೋಗ್ಲೋಬಿನ್ ಎಸ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಕಣವನ್ನು ಗಡಸಾಗಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಾದರೆ ಇದು ಇನ್ನೂ ಬೇಗ ಆಗುತ್ತದೆ.

ನಾನು ಆರಿಸಿಕೊಂಡ ಔಷಧಿ ಹೈಡ್ರಾಕ್ಸಿಯೂರಿಯಾ. ಅದು ಹಿಮೋಗ್ಲೋಬಿನ್ ಎಫ್ (ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್) ಅನ್ನು ಹೆಚ್ಚಿಸಿ ಈ ಅಂಟಿಕೊಳ್ಳುವಿಕೆಯನ್ನು ತಡೆಯುತ್ತದೆ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಪ್ರಮಾಣವೂ ಮಧ್ಯಭಾರತದ ಮಕ್ಕಳಲ್ಲಿ ಗುಣ ಕೊಟ್ಟಿದೆ. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 500 ಮಿಲಿಗ್ರಾಂ ಕ್ಯಾಪ್ಸೂಲ್, ಹಾಗಾಗಿ 35 ಕಿಲೋ ತೂಗುವ ಹುಡುಗನಿಗೆ ಕಿಲೋಗೆ 14 ಮಿಲಿಗ್ರಾಮಿನಷ್ಟು ಬೀಳುತ್ತಿತ್ತು. ಅದು ಒಪ್ಪಿತ ಮಿತಿಯೊಳಗೇ ಇರುವುದರಿಂದ ಹಾಗೆಯೇ ಕೊಟ್ಟೆ. ಮೊದಮೊದಲು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ ಮಾಡಿಸಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 80,000ಕ್ಕಿಂತ ಕೆಳಗಿಳಿದರೆ ಔಷಧಿಯನ್ನು ತಡೆಹಿಡಿಯಬೇಕೆಂದು ಮನೆಯವರಿಗೂ ತಿಳಿಸಿದ್ದೆ. ಪರಿಣಾಮ ಕಾಣಲು ಮೂರರಿಂದ ಆರು ತಿಂಗಳು ಬೇಕು ಎಂಬ ಮಾತನ್ನು ಅವರಿಗೆ ಮತ್ತೆ ಮತ್ತೆ ಹೇಳಬೇಕಾಯಿತು, ಏಕೆಂದರೆ ನೋವಿಲ್ಲದ ದಿನಗಳಲ್ಲಿ ಮಾತ್ರೆ ನುಂಗಿಸುವುದೇ ಕಷ್ಟ.

ಹಿಮೋಗ್ಲೋಬಿನ್ ಏರಿದ ಮಾತ್ರಕ್ಕೆ ದಮ್ಮು ಕೂಡಿತೆಂದು ನಾನು ನಂಬುವುದಿಲ್ಲ. ವೋಕ್ಸೆಲೋಟರ್ ಎಂಬ ಔಷಧಿ ಹಿಮೋಗ್ಲೋಬಿನ್ನನ್ನು ಏರಿಸುತ್ತಿತ್ತು, ಆದರೆ ಅದು ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವಂತೆ ಮಾಡಿಯೇ ಹಾಗೆ ಏರಿಸುತ್ತಿದ್ದುದರಿಂದ ಸ್ನಾಯುವಿಗೆ ತಲುಪುವುದೆಷ್ಟು ಎಂಬ ಪ್ರಶ್ನೆ ಉಳಿದೇ ಇತ್ತು. 2024ರಲ್ಲಿ ಫೈಜರ್ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಆದ್ದರಿಂದ ಔಷಧಿ ಶುರುಮಾಡುವ ಮುನ್ನವೂ, ಆಮೇಲೆ ಆರು ತಿಂಗಳಿಗೊಮ್ಮೆಯೂ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿದೆ. ಆಸ್ಪತ್ರೆಯ ಹಜಾರದಲ್ಲಿ 30 ಮೀಟರ್ ಅಳೆದು, ಎರಡು ತುದಿಗೂ ಗುರುತಿಟ್ಟು, ಓಡದೆ ತಮ್ಮ ಶಕ್ತಿಯಿದ್ದಷ್ಟು ವೇಗವಾಗಿ ನಡೆಯಲು ಹೇಳಿ, ಮುಂಚೆ ಮತ್ತು ಕೊನೆಗೆ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಹಾಗೂ ನಾಡಿಯನ್ನು ಬರೆದುಕೊಳ್ಳುತ್ತಿದ್ದೆವು. ಜೊತೆಗೆ ಬಂದ ತಂದೆತಾಯಿ ಹುರಿದುಂಬಿಸದಂತೆ ನೋಡಿಕೊಳ್ಳುವುದೂ ಒಂದು ಕೆಲಸವೇ. ಪ್ರತಿ ಸಲ ಒಂದೇ ಮಾತು ಹೇಳದಿದ್ದರೆ ಹಿಂದಿನ ದೂರದೊಂದಿಗೆ ಹೋಲಿಸಲಾಗದು.

ರಕ್ತದ ವರದಿ ಸುಧಾರಿಸಿಯೂ ನಡಿಗೆ ಹೆಚ್ಚದ ಒಬ್ಬ ಹುಡುಗಿಯಲ್ಲಿ ನಾನು ಔಷಧಿಯ ಪ್ರಮಾಣವನ್ನು ಏರಿಸಲಿಲ್ಲ. ವರ್ಷಗಟ್ಟಲೆ ಕೂತೇ ಇದ್ದ ಕಾಲುಗಳಿಗೆ ಬೇಕಾದದ್ದು ಅಭ್ಯಾಸ ಎನಿಸಿ, ಬೆಳಗಿನ ತಂಪಿನಲ್ಲಿ, ಮಾತಾಡುತ್ತಲೇ ನಡೆಯಬಹುದಾದ ವೇಗದಲ್ಲಿ, ನಡುನಡುವೆ ನಿಂತು ನೀರು ಕುಡಿಯುವಂತೆ ನಡಿಗೆ ಹಚ್ಚಿಸಿದೆ. ಮುಂದಿನ ಪರೀಕ್ಷೆಗಳಲ್ಲಿ ದೂರ ಹೆಚ್ಚಿತು. ಶಾಲೆಯ ದೈಹಿಕ ಶಿಕ್ಷಕರಿಗೆ ಬರೆದ ಪತ್ರದಲ್ಲಿ ಆಟ ಬಿಡಿಸಬೇಡಿ ಎಂದೇ ಕೇಳಿಕೊಂಡೆ: ಶಿಕ್ಷೆಗಾಗಿ ಮೈದಾನ ಸುತ್ತಿಸುವುದು ಬೇಡ, ತಣ್ಣೀರಿನಲ್ಲಿ ಈಜು ಬೇಡ, ಎದೆನೋವು ಅಥವಾ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕಳುಹಿಸಿ.