ಕೆಂಪು ರಕ್ತಕಣ ಒಡೆಯುವುದನ್ನು ಪ್ರನಾಳದಲ್ಲಿ ಗುರುತಿಸುವ ಕ್ರಮ

ರಾಸಾಯನಿಕವೊಂದು ಕೆಂಪು ರಕ್ತಕಣವನ್ನು ಒಡೆಯಿತೇ ಎಂಬುದನ್ನು ಹೆಚ್ಚಿನ ವಿದ್ಯಾರ್ಥಿಗಳು ಬಣ್ಣ ನೋಡಿ ತೀರ್ಮಾನಿಸುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ದ್ರವದ ಮಬ್ಬನ್ನು. ಇಡಿಯಾಗಿರುವ ಕಣಗಳು ಬೆಳಕನ್ನು ಚದುರಿಸುವುದರಿಂದ ಪ್ರನಾಳದ ಹಿಂದೆ ಹಿಡಿದ ಅಚ್ಚಿನ ಅಕ್ಷರಗಳು ಕಾಣುವುದಿಲ್ಲ. ಪೊರೆ ಹರಿದು ಹಿಮೋಗ್ಲೋಬಿನ್ ಹೊರಬಂದಾಗ ದ್ರವ ತಿಳಿಯಾದ ಕೆಂಪಾಗಿ, ಅದೇ ಅಕ್ಷರಗಳು ಸ್ಪಷ್ಟವಾಗಿ ಓದಲು ಸಿಗುತ್ತವೆ.

ಈ ಪ್ರಯೋಗವನ್ನು ಪ್ರಯೋಗಾಲಯದಲ್ಲಿ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡಬೇಕು. ಯಾರದೇ ರಕ್ತವಾದರೂ ಅದರಲ್ಲಿ ಸೋಂಕು ಇರಬಹುದೆಂದೇ ಭಾವಿಸಿ ಕೈಗವಸು ಮತ್ತು ಕನ್ನಡಕ ಧರಿಸಿರಿ.

ಹೆಪಾರಿನ್ ಬೆರೆಸಿ ಹೆಪ್ಪುಗಟ್ಟದಂತೆ ಇಟ್ಟ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ಸುತ್ತಿಸಿ ಕಣಗಳನ್ನು ತಳಕ್ಕಿಳಿಸುವ ಯಂತ್ರ) ತಿರುಗಿಸಿ, ಮೇಲಿನ ಪ್ಲಾಸ್ಮಾವನ್ನೂ ಅದರ ಕೆಳಗಿನ ತೆಳುವಾದ ಬಿಳಿ ಪದರವನ್ನೂ ತೆಗೆಯಿರಿ. ಉಳಿದ ಕಣಗಳನ್ನು ಶೇ. 0.9ರ ಸೇಲೈನಿನಲ್ಲಿ (ಉಪ್ಪುನೀರಿನಲ್ಲಿ) ಮೂರು ಬಾರಿ ತೊಳೆಯಬೇಕು. ಕಿರಿದಾದ ಸೂಜಿಯಿಂದ ರಭಸವಾಗಿ ಎಳೆದರೆ ಅಥವಾ ಪ್ರನಾಳವನ್ನು ಜೋರಾಗಿ ಕುಲುಕಿದರೆ ಕಣಗಳು ಆಗಲೇ ಒಡೆಯುತ್ತವೆ; ಮೂರನೆಯ ತೊಳೆತದ ಮೇಲ್ದ್ರವ ಬಣ್ಣವಿಲ್ಲದೆ ಇದ್ದರೆ ಮಾತ್ರ ಮುಂದುವರಿಯಿರಿ. ಕೊನೆಯಲ್ಲಿ ಕಣಗಳಿಗೆ ಅಷ್ಟೇ ಪ್ರಮಾಣದ ಸೇಲೈನ್ ಸೇರಿಸಿಡಿ.

ನಾಲ್ಕು ಪ್ರನಾಳಗಳಲ್ಲಿ ತಲಾ 5 ಮಿ.ಲೀ. ದ್ರವ ತೆಗೆದುಕೊಳ್ಳಿ: ಮೊದಲನೆಯದರಲ್ಲಿ ಬರೀ ಸೇಲೈನ್, ಎರಡನೆಯದರಲ್ಲಿ ಬಟ್ಟಿ ಇಳಿಸಿದ ನೀರು, ಮೂರನೆಯದರಲ್ಲಿ ಶೇ. 0.1ರ ಸಪೋನಿನ್, ನಾಲ್ಕನೆಯದರಲ್ಲಿ ಶೇ. 0.1ರ ಸೋಡಿಯಂ ನೈಟ್ರೈಟ್. ಕೊನೆಯ ಎರಡನ್ನು ಸೇಲೈನಿನಲ್ಲೇ ಕರಗಿಸಬೇಕು. ನೀರಿನಲ್ಲಿ ಕರಗಿಸಿದರೆ ಒಡೆದದ್ದು ರಾಸಾಯನಿಕದಿಂದಲೋ ನೀರಿನಿಂದಲೋ ಎಂದು ಹೇಳಲಾಗದು, ಇಡೀ ಶ್ರಮ ವ್ಯರ್ಥವಾಗುತ್ತದೆ. ಪ್ರತಿಯೊಂದಕ್ಕೂ ಕಣಗಳ ಮಿಶ್ರಣವನ್ನು 0.1 ಮಿ.ಲೀ. ಸೇರಿಸಿ, ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿರಿ.

ನೀರಿನ ಪ್ರನಾಳ ನೋಡನೋಡುತ್ತಲೇ ತಿಳಿಯಾಗುತ್ತದೆ. ಸುಮಾರು 7.5 ಮೈಕ್ರೋಮೀಟರ್ ಅಗಲದ, ಎರಡೂ ಬದಿ ತಗ್ಗಾದ ಬಿಲ್ಲೆಯಂಥ ಕಣದೊಳಗೆ ನೀರು ನುಗ್ಗಿ ಅದು ಗುಂಡಗಾಗುತ್ತದೆ. ಪೊರೆ ಸುಲಭವಾಗಿ ಬಾಗುತ್ತದೆಯಾದರೂ ಹೆಚ್ಚು ಹಿಗ್ಗಲಾರದು, ಆದ್ದರಿಂದ ಹರಿಯುತ್ತದೆ. ಸಪೋನಿನ್ ಪ್ರನಾಳವೂ ತಿಳಿಯಾಗುತ್ತದೆ, ಆದರೆ ಕಾರಣ ಬೇರೆ. ಅಂಟುವಾಳದ ನೊರೆಗೆ ಕಾರಣವಾದ ಈ ವಸ್ತು ಪೊರೆಯ ಕೊಲೆಸ್ಟರಾಲಿಗೆ ಅಂಟಿಕೊಂಡು ಅಲ್ಲಿ ರಂಧ್ರಗಳನ್ನು ಮಾಡುತ್ತದೆ.

ನೈಟ್ರೈಟ್ ಪ್ರನಾಳದ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕೆಂಬುದು ನನ್ನ ಒತ್ತಾಯ. ಅದರ ಕೆಂಪು ನಿಧಾನವಾಗಿ ಚಾಕೊಲೇಟಿನ ಕಂದಾಗುತ್ತದೆ, ಮಬ್ಬು ಮಾತ್ರ ಹಾಗೆಯೇ ಉಳಿದಿರುತ್ತದೆ. ಇಲ್ಲಿ ಪೊರೆ ಹರಿದಿಲ್ಲ. ಒಳಗಿನ ಹಿಮೋಗ್ಲೋಬಿನ್ನಿನ ಕಬ್ಬಿಣ ಉತ್ಕರ್ಷಣಗೊಂಡು, ಆಮ್ಲಜನಕವನ್ನು ಹೊರಲಾರದ ಮೆಥಹಿಮೋಗ್ಲೋಬಿನ್ ಆಗಿದೆ. ಕಣ ಇಡಿಯಾಗಿಯೇ ಕಂಡರೂ ಅದರ ಕೆಲಸ ನಿಂತಿರಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಯೋಗಗಳು ಕಡಿಮೆ. ಇದೇ ಕಾರಣಕ್ಕೆ, ಬಣ್ಣವನ್ನಷ್ಟೇ ನಂಬಿದವರು ಇಲ್ಲಿ ತಪ್ಪು ಬರೆಯುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಏಳುವ ನೊರೆಯೂ ಹೀಗೆಯೇ ದಾರಿ ತಪ್ಪಿಸುತ್ತದೆ; ಅದು ಕಣದಲ್ಲಿರುವ ಕೆಟಲೇಸ್ ಕಿಣ್ವ ಬಿಡಿಸಿದ ಆಮ್ಲಜನಕವೇ ಹೊರತು, ಆ ನೊರೆಯನ್ನು ಕಣ ಒಡೆದದ್ದರ ಅಳತೆಯೆಂದು ತಿಳಿಯಬಾರದು.

ಅಂಕಿಯಲ್ಲಿ ಬೇಕಾದರೆ, ಪ್ರನಾಳಗಳನ್ನು 500 ಜಿ ಬಲದಲ್ಲಿ (ಗುರುತ್ವದ 500 ಪಟ್ಟು) 5 ನಿಮಿಷ ತಿರುಗಿಸಿ, ಮೇಲ್ದ್ರವದ ಬೆಳಕು ಹೀರಿಕೆಯನ್ನು 540 ನ್ಯಾನೋಮೀಟರ್ ತರಂಗಾಂತರದಲ್ಲಿ ಓದಿರಿ. ಸೇಲೈನಿನ ಓದನ್ನು ಸಪೋನಿನ್ನಿನ ಓದಿನಿಂದಲೂ ನೀರಿನ ಓದಿನಿಂದಲೂ ಕಳೆದು, ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿದರೆ ಸಪೋನಿನ್ ಒಡೆದ ಕಣಗಳ ಶೇಕಡಾ ಪ್ರಮಾಣ ಸಿಗುತ್ತದೆ. ಕಂದಾದ ಮಾದರಿಗೆ ಈ ಲೆಕ್ಕ ನೇರವಾಗಿ ಹೊಂದದು, ಏಕೆಂದರೆ ಮೆಥಹಿಮೋಗ್ಲೋಬಿನ್ ಬೆಳಕನ್ನು ಹೀರುವ ರೀತಿಯೇ ಬೇರೆ.

ಉಳಿದ ರಕ್ತ ಮತ್ತು ದ್ರವಗಳನ್ನು ನೇರವಾಗಿ ತೊಟ್ಟಿಗೆ ಸುರಿಯಬೇಡಿ. ಪ್ರಯೋಗಾಲಯದ ಜೈವಿಕ ತ್ಯಾಜ್ಯದ ನಿಯಮದಂತೆ ಸೋಂಕು ನಿವಾರಿಸಿದ ನಂತರವೇ ವಿಲೇವಾರಿ ಮಾಡಿರಿ.